ಬೋರ್ಡಿನ ಮೇಲೆ ಆನೆ ಮೆಸೇಜು

ಸಂಜೆ ಶಾಲೆ ಬಿಡುವ ಹೊತ್ತು ಹತ್ತಿರವಾದಂತೆ ನಮ್ಮ ಮಕ್ಕಳು ತಾವಾಗಿಯೇ ಜಾಗ ಬದಲಿಸುತ್ತಿದ್ದರು. ಬೆಳಗ್ಗೆಯಿಂದ ನಾನು ಗಂಟಲು ಹರಿದುಕೊಂಡು ಕೂರಿಸಿದ ಗುಂಪುಗಳು ಸದ್ದಿಲ್ಲದೆ ಒಡೆಯುತ್ತಿದ್ದವು. ಒಬ್ಬೊಬ್ಬರೇ ಚೀಲ ಎಳೆದುಕೊಂಡು ಹೋಗಿ ಮೂರು ಚಾಪೆಗಳಿಗೆ ಸೇರಿಕೊಳ್ಳುತ್ತಿದ್ದರು. ಊರೊಳಗಿನವರದು ಬಾಗಿಲ ಹತ್ತಿರದ ಚಾಪೆ, ಮೇಲಿನ ಕೊಪ್ಪಲಿನವರದು ಕಿಟಕಿಯ ಕೆಳಗಿನದು, ಲೈನಿನ ಮಕ್ಕಳದು ಗೋಡೆ ಪಕ್ಕದ್ದು. ಲೈನ್ ಎಂದರೆ ಎಸ್ಟೇಟಿನ ಕೆಲಸದವರಿಗೆ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಮನೆಗಳು. ನಾನು ಅರಸೀಕೆರೆ ಕಡೆಯವಳು, ತೆಂಗಿನ ತೋಟ ಬಿಟ್ಟರೆ ಬೇರೆ ತೋಟ ಕಂಡವಳಲ್ಲ. ಮಕ್ಕಳು ಹೀಗೆ ಬೇರೆಬೇರೆ ಕೂರುವುದನ್ನು ನೋಡಿ, ಇಷ್ಟು ಚಿಕ್ಕ ವಯಸ್ಸಿಗೇ ಇವರಿಗೆ ಮೇಲುಕೀಳು ಅಂಟಿದೆಯಲ್ಲ ಎಂದು ಮೈಯೆಲ್ಲ ಉರಿಯಿತು.

ಯಸಳೂರಿನಿಂದ ಒಳಗೆ, ಬಸ್ಸು ಇಳಿದು ಏರು ಹತ್ತಿ ಹೋಗಬೇಕಾದ ಕಿರಿಯ ಪ್ರಾಥಮಿಕ ಶಾಲೆ ಅದು. ಒಂದರಿಂದ ಐದನೇ ತರಗತಿಯವರೆಗೆ ಎಲ್ಲ ಸೇರಿ ಎರಡು ಕೋಣೆ, ಇಬ್ಬರು ಮೇಷ್ಟ್ರು. ಒಬ್ಬಳು ನಾನು, ಕೆಲಸಕ್ಕೆ ಸೇರಿ ತಿಂಗಳು ತುಂಬಿರಲಿಲ್ಲ. ಇನ್ನೊಬ್ಬರು ಹೆಡ್‌ಮೇಷ್ಟ್ರು, ನಿವೃತ್ತಿಯ ಅಂಚಿನಲ್ಲಿದ್ದವರು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟು: ಮಗು ಯಾವ ತರಗತಿಯಲ್ಲಿದೆ ಎಂದು ನೋಡಬೇಡಿ, ಎಷ್ಟು ಓದುತ್ತದೆ ಎಂದು ನೋಡಿ. ಅಕ್ಷರ ಬಾರದವರು ಒಂದು ಗುಂಪು, ಪದ ಓದುವವರು ಇನ್ನೊಂದು, ವಾಕ್ಯ ಓದುವವರು ಮತ್ತೊಂದು. ಹಾಗೆಯೇ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ಗುಂಪು ಮಾಡಿದೆ. ಚಿತ್ರದ ಕಾರ್ಡುಗಳನ್ನು ನಾನೇ ಬರೆದು ಬಣ್ಣ ಹಚ್ಚಿದ್ದೆ. ಮಕ್ಕಳು ಹೇಳಿದ ಕಡೆ ಕೂತರು, ಸಂಜೆಗೆ ಮತ್ತೆ ಮೂರು ಚಾಪೆ.

"ಹೊಸದ್ರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗ್ದ ಅಂತಾರೆ ಕಣ್ರೀ ಮೇಡಂ" ಎಂದು ಹೆಡ್‌ಮೇಷ್ಟ್ರು ನಕ್ಕರು. "ಒಗೀರಿ, ನಾನೇನ್ ಬ್ಯಾಡ ಅನ್ನಲ್ಲ. ಮನೆಗ್ ಹೋಗೋ ಹೊತ್ಗೆ ಮಾತ್ರ ಅವರ ಪಾಡಿಗೆ ಬುಟ್ಬುಡಿ. ಅದು ಜಾತಿ ಚಾಪೆ ಅಲ್ಲ, ದಾರಿ ಚಾಪೆ."

ಒಂದೇ ದಾರಿಯ ಮಕ್ಕಳು ಒಟ್ಟಿಗೆ ಹೊರಡಬೇಕು, ಒಟ್ಟಿಗೇ ಮನೆ ಮುಟ್ಟಬೇಕು, ಗುಂಪಿನ ದೊಡ್ಡ ಮಗು ಹೇಳಿದಂತೆ ಉಳಿದವು ಕೇಳಬೇಕು. ಆನೆ ಓಡಾಡುವ ಊರಿನಲ್ಲಿ ಅದು ಯಾರೂ ಬರೆದಿಡದ ಕಟ್ಟಳೆ. ನನಗೆ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಎಲ್ಲಕ್ಕೂ ಆನೆಯನ್ನು ಮುಂದೆ ಮಾಡುತ್ತಾರೆ ಎನಿಸುತ್ತಿತ್ತು. ಮಗು ತಡವಾಗಿ ಬಂದರೆ ಆನೆ, ಬರದಿದ್ದರೆ ಆನೆ, ಮನೆಗೆಲಸ ಮಾಡದಿದ್ದರೂ ಆನೆ. ನಾನು ಮಾತ್ರ ಅಲ್ಲಿಯವರೆಗೆ ಆನೆಯನ್ನು ನೋಡಿರಲಿಲ್ಲ. ಆಟದ ಬಯಲಿನಲ್ಲಿ ಬೆಳಗ್ಗೆ ಹಸಿ ಲದ್ದಿ ಬಿದ್ದಿರುತ್ತಿತ್ತು, ಗೇಟಿನ ಒಂದು ಕಂಬ ವಾಲಿತ್ತು, ಅಡುಗೆಕೋಣೆಯ ಹಿಂದಿದ್ದ ಬಾಳೆಗಿಡ ಒಂದು ದಿನ ಇತ್ತು, ಮರುದಿನ ಇರಲಿಲ್ಲ. ಕಣ್ಣಿಗೆ ಕಾಣದೆ ಇಷ್ಟೆಲ್ಲ ಮಾಡಿ ಹೋಗುವುದು ಎದುರಿಗೆ ಬಂದು ನಿಲ್ಲುವುದಕ್ಕಿಂತ ಕೆಟ್ಟದ್ದೆಂದು ಈಗ ಅನಿಸುತ್ತದೆ. ಆಗ ನನ್ನ ತಲೆಯಲ್ಲಿ ಇದ್ದುದು ಐದನೇ ತರಗತಿಯ ಒಬ್ಬ ಹುಡುಗಿ.

ಅವಳು ಲೈನಿನ ಮಕ್ಕಳ ಗುಂಪಿಗೆ ದೊಡ್ಡವಳು. ಎತ್ತರದ ಹುಡುಗಿ, ಮಾತು ಕಡಿಮೆ, ತನ್ನ ಹಿಂದೆ ಬರುವ ನಾಲ್ವರು ಚಿಕ್ಕವರನ್ನು ಕಣ್ಸನ್ನೆಯಲ್ಲೇ ನಡೆಸುವಷ್ಟು ಗತ್ತು. ಆದರೆ ಓದಲು ಬರುತ್ತಿರಲಿಲ್ಲ. ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು, ಕೂಡಿಸಿ ಪದ ಮಾಡು ಎಂದರೆ ತುಟಿ ಬಿಗಿಯುತ್ತಿದ್ದಳು. ಬರುವ ವರ್ಷ ಆರನೇ ತರಗತಿಗೆ ಯಸಳೂರಿಗೆ ಹೋಗಬೇಕು. ಓದು ಬಾರದೆ ಅಲ್ಲಿಗೆ ಹೋದ ಮಕ್ಕಳು ಹಿಂದಿನ ಬೆಂಚಿನಲ್ಲಿ ಒಂದಷ್ಟು ತಿಂಗಳು ಕೂತು, ಆಮೇಲೆ ಕಾಫಿ ಕೊಯ್ಲಿಗೆ ಹೋಗಿಬಿಡುತ್ತಾರೆ ಎಂದು ಹೆಡ್‌ಮೇಷ್ಟ್ರೇ ಹೇಳಿದ್ದರು. ಮಾರ್ಚಿನೊಳಗೆ ಇವಳಿಗೆ ಓದು ಕಲಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ನನ್ನ ಕಾರ್ಡುಗಳು ಅವಳ ಮುಂದೆ ನಡೆಯಲಿಲ್ಲ. ಮೊಲವೊಂದು ಹುಟ್ಟುಹಬ್ಬಕ್ಕೆ ಗೆಳೆಯರನ್ನು ಕರೆಯುವ ಕತೆಯನ್ನು ನಾನು ಓದಿ ತೋರಿಸಿದರೆ, "ಮೊಲ ಕೇಕ್ ತಿನ್ನಲ್ಲ ಮಿಸ್" ಎಂದು ಕಾರ್ಡನ್ನು ನನ್ನ ಕಡೆಗೇ ಸರಿಸಿದಳು. ಸಿಟ್ಟೂ ಬಂತು, ನಗೂ ಬಂತು. ತರಗತಿಯ ಗಲಾಟೆಯಲ್ಲಿ ಇದು ಆಗದ ಕೆಲಸ, ಸಂಜೆ ಅರ್ಧ ಗಂಟೆ ಇವಳೊಬ್ಬಳನ್ನೇ ಇಟ್ಟುಕೊಂಡು ಕಲಿಸುತ್ತೇನೆ ಎಂದು ತೀರ್ಮಾನಿಸಿದೆ.

ಹೆಡ್‌ಮೇಷ್ಟ್ರು ಈ ಸಲ ನಗಲಿಲ್ಲ. "ನೀವು ಒಬ್ಳನ್ನ ಇಟ್ಕೊಂಡ್ರೆ ಐದು ಮಕ್ಳನ್ನ ಇಟ್ಕೊಂಡಂಗೆ ಮೇಡಂ" ಎಂದರು.

ಅವರ ಮಾತು ನಿಜವಾಯಿತು. ನಾಲ್ವರು ಚಿಕ್ಕವರು ಜಗಲಿಯ ಮೇಲೆ ಚೀಲ ತಬ್ಬಿಕೊಂಡು ಕಾಯುತ್ತ ಕೂರುತ್ತಿದ್ದರು. ಒಳಗೆ ಹುಡುಗಿ ಒಂದು ಕಣ್ಣು ಪುಸ್ತಕದಲ್ಲಿ, ಒಂದು ಕಣ್ಣು ಬಾಗಿಲಲ್ಲಿ ಇಟ್ಟು ಓದುತ್ತಿದ್ದಳು. ಕಾಯಲಿ ಬಿಡಿ, ಅರ್ಧ ಗಂಟೆ ತಾನೇ ಎಂದುಕೊಂಡೆ. ಅವಳು ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತಿದ್ದಳು ಕೂಡ. ಎರಡಕ್ಷರದ ಪದ ಕೂಡಿಸಿದ ದಿನ ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಸಕಲೇಶಪುರದ ಬಾಡಿಗೆ ಮನೆಗೆ ಹೋಗಿದ್ದೆ.

ಇನ್ನೊಂದು ನನ್ನದೇ ಕಟ್ಟಳೆ ಇತ್ತು. ಪಾಠ ಮಾಡುವಾಗ ಫೋನು ಮುಟ್ಟಬಾರದು. ಬೆಳಗ್ಗೆ ಬಂದವಳೇ ಅದರ ಬಾಯಿ ಮುಚ್ಚಿ ಬೀರುವಿನಲ್ಲಿ ಇಡುತ್ತಿದ್ದೆ. ಆ ಕಡೆಯ ಊರುಗಳಿಗೆಲ್ಲ ಆನೆ ಎಲ್ಲಿದೆ ಎಂದು ತಿಳಿಸುವ ಒಂದು ವಾಟ್ಸಾಪ್ ಗುಂಪಿದೆ. ಆನೆಯ ಹಿಂದೆ ಓಡಾಡುವ ಅರಣ್ಯದ ವಾಚರ್‌ಗಳು ಸುದ್ದಿ ಕೊಡುತ್ತಾರೆ, ಅದು ಊರಿಂದೂರಿಗೆ ಹಾಯುತ್ತದೆ. ಹೆಡ್‌ಮೇಷ್ಟ್ರು ನನ್ನನ್ನೂ ಅದಕ್ಕೆ ಸೇರಿಸಿದ್ದರು. ಅವರ ಫೋನು ಹೇಗೂ ಮೇಜಿನ ಮೇಲೆ ಇರುತ್ತದಲ್ಲ ಎಂದು ನಾನು ಅದರ ಗೊಡವೆಗೆ ಹೋಗಿರಲಿಲ್ಲ.

ನವೆಂಬರ್ ಮುಗಿಯುತ್ತ ಬಂದಿತ್ತು. ಗದ್ದೆಯಲ್ಲಿ ಭತ್ತ ಕಾಳು ಕಟ್ಟಿತ್ತು, ಕಾಫಿ ಹಣ್ಣಾಗಿತ್ತು, ಮಧ್ಯಾಹ್ನ ಕಳೆದರೆ ಸಾಕು ಕಣಿವೆಯಿಂದ ಮಂಜು ಮೇಲೇಳುತ್ತಿತ್ತು. ಆ ದಿನ ಹೆಡ್‌ಮೇಷ್ಟ್ರು ಸಭೆಗೆಂದು ಸಕಲೇಶಪುರಕ್ಕೆ ಹೋಗಿದ್ದರು, ಅವರ ಫೋನೂ ಅವರ ಜೊತೆಗೇ ಹೋಗಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಗಂಟೆ ಹೊಡೆದು ಮಕ್ಕಳನ್ನು ಬಿಟ್ಟು, ಹುಡುಗಿಯನ್ನು ಕೂರಿಸಿಕೊಂಡೆ. ಮಂಜಿಗೆ ಕಿಟಕಿಯ ಹೊರಗಿನ ಹಾಲುವಾಣ ಮರಗಳೂ ಕಾಣುತ್ತಿರಲಿಲ್ಲ. ಅವಳು ಮೂರಕ್ಷರದ ಪದಗಳನ್ನು ಕೂಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಓದು ನಿಲ್ಲಿಸಿ ತಲೆ ಎತ್ತಿದಳು.

"ಮಿಸ್, ಅವ್ರು ಮಾತಾಡ್ತಿಲ್ಲ."

ಜಗಲಿ ಖಾಲಿಯಾಗಿತ್ತು. ಕತ್ತಲಾಗುತ್ತಿದೆಯೆಂದು ಹೆದರಿ ಮೂರನೇ ತರಗತಿಯವಳು ಉಳಿದ ಮೂವರನ್ನು ಹೊರಡಿಸಿಕೊಂಡು ಹೋಗಿದ್ದಳೆಂದು ಆಮೇಲೆ ತಿಳಿಯಿತು. ತಡ ಮಾಡಿದರೆ ಅವರಮ್ಮ ಬಯ್ಯುತ್ತಿದ್ದಳಂತೆ.

"ಮೆಸೇಜ್ ಬಂದೈತಾ ನೋಡಿ ಮಿಸ್. ಬೇಗ ನೋಡಿ."

ಬೀರು ತೆಗೆದೆ. ಫೋನು ಬೆಳಗಿಸಿ ಅವಳ ಮುಂದೆ ಹಿಡಿದೆ, ಯಾಕೆ ಹಿಡಿದೆನೋ ಗೊತ್ತಿಲ್ಲ. ಅವಳು ಒಂದು ಕ್ಷಣ ಆ ಅಕ್ಷರಗಳನ್ನು ದಿಟ್ಟಿಸಿ, ಆಗದೆ, ನನ್ನ ಮುಖ ನೋಡಿದಳು. ನಾನೇ ಓದಿದೆ. ಒಂಟಿ ಸಲಗ ಕೆರೆ ಏರಿಯಿಂದ ಶಾಲೆ ರಸ್ತೆಯ ಕಡೆ ಸಂಚರಿಸುತ್ತಿದೆ, ಆ ದಾರಿಯಲ್ಲಿ ಯಾರೂ ಹೋಗಬಾರದು. ನಾವು ಗಂಟೆ ಹೊಡೆಯುವ ಮೊದಲೇ ಬಂದಿದ್ದ ಮೆಸೇಜು. ನಾನು ಓದಿ ಮುಗಿಸುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಹಿಂದೆಯೇ ಓಡಿದೆ. ಮಂಜಿನೊಳಗೆ ಅವಳ ಬೆನ್ನು ಕಾಣುತ್ತಿತ್ತು, ಮರೆಯಾಗುತ್ತಿತ್ತು. ತೋಟದ ತಿರುವಿನಲ್ಲಿ ಅವಳು ಥಟ್ಟನೆ ನಿಂತು ಕೈ ಹಿಂದೆ ಚಾಚಿ ನನ್ನನ್ನೂ ತಡೆದಳು. ರಸ್ತೆಯ ಮೇಲೆ ಒಂದು ಚೀಲ ಬಿದ್ದಿತ್ತು, ಆಚೆ ಇನ್ನೊಂದು. ಊಟದ ತಟ್ಟೆ ಮಡಚಿಕೊಂಡು ಬಿದ್ದಿತ್ತು. ಅದರಾಚೆಗೆ, ಮೋರಿಯ ಮೇಲೆ, ಮಂಜೇ ಗಟ್ಟಿಯಾದಂತೆ ಅದು ನಿಂತಿತ್ತು. ಸದ್ದೇ ಇಲ್ಲ. ಆನೆಯೆಂದರೆ ಘೀಳು, ಮರ ಮುರಿಯುವ ಸದ್ದು ಎಂದುಕೊಂಡಿದ್ದೆ. ಅದು ಸೊಂಡಿಲಿನಿಂದ ಒಂದು ಚೀಲವನ್ನು ಎತ್ತಿ, ಕೊಡವಿ, ಕೆಳಗಿಟ್ಟಿತು. ಮೂಗಿಗೆ ಹುಳಿ ವಾಸನೆ ಹೊಡೆಯುತ್ತಿತ್ತು.

"ಮಕ್ಕಳೆಲ್ಲಿ?" ಎಂದು ಪಿಸುಗುಟ್ಟಿದೆ.

"ಮೋರಿ ಪೈಪೊಳಗೆ" ಎಂದಳು. "ಚೀಲ ಬಿಸಾಕಿ ಪೈಪೊಳಗೆ ನುಗ್ಗಿ ಅಂತ ಹೇಳಿಕೊಟ್ಟಿವ್ನಿ. ನುಗ್ಗಿರ್ತವೆ ಮಿಸ್." ಹೇಳುವಾಗ ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ. ಅವಳು ನನ್ನ ಸೆರಗು ಹಿಡಿದುಕೊಂಡದ್ದು ಅದೊಂದೇ ಸಲ.

ಎಷ್ಟು ಹೊತ್ತು ನಿಂತೆವೋ ತಿಳಿಯದು. ಕೆಳಗಿನಿಂದ ಎಸ್ಟೇಟಿನ ಜೀಪು ಹಾರನ್ ಬಾರಿಸುತ್ತ, ಲೈಟು ಹಾಕಿಕೊಂಡು ಬಂತು. ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್ ಇಳಿದು ಪಟಾಕಿ ಸಿಡಿಸಿದರು. ಆನೆ ಅವಸರವೇನೂ ಮಾಡದೆ ತಿರುಗಿ ಕಾಫಿ ಗಿಡಗಳ ನಡುವೆ ಇಳಿದು ಹೋಯಿತು. ಹುಡುಗಿ ಮೋರಿಗೆ ಬಗ್ಗಿ ಒಬ್ಬೊಬ್ಬರ ಹೆಸರು ಕೂಗಿದಳು. ನಾಲ್ವರೂ ಹೊರಗೆ ಬಂದರು, ಕೆಸರು ಮೆತ್ತಿಕೊಂಡು, ಒಬ್ಬರೂ ಅಳದೆ. ಅಳದೇ ಇದ್ದದ್ದನ್ನು ನೋಡಿ ನನಗೆ ಅಳು ಬಂತು.

"ಏನ್ ಮೇಡಂ ನೀವು? ಆನೆ ಹೊತ್ತಲ್ಲಿ ಪಾಠ ಮಾಡ್ತೀರಲ್ಲ, ಮಕ್ಳು ಸತ್ತೋದ್ರೆ ಓದ್ಸೋದು ಯಾರ್ನ?" ಎಂದು ರೈಟರ್ ರೇಗಿದರು.

ನಾನೂ ಬಿಡಲಿಲ್ಲ. "ನಿಮ್ಮ ಜೀಪಿನಲ್ಲಿ ಸಂಜೆ ಇವರನ್ನು ಮನೆ ಮುಟ್ಟಿಸೋಕೆ ಏನು ಕಷ್ಟ ನಿಮಗೆ?"

"ಕೊಯ್ಲು ಟೈಮು ಕಣ್ರೀ. ಹಣ್ಣು ಸಾಗ್ಸಕ್ಕೇ ಜೀಪು ಸಾಲ್ತಿಲ್ಲ" ಎಂದು ಅವರು ಮಕ್ಕಳನ್ನು ಹತ್ತಿಸಿಕೊಂಡು ಹೊರಟುಹೋದರು. ನಾವಿಬ್ಬರೂ ಹೇಳಿದ್ದು ಸುಳ್ಳಲ್ಲ. ಆ ಸಿಟ್ಟು ನನಗಿನ್ನೂ ಇದೆ.

ಮರುದಿನ ಗೋಡೆ ಪಕ್ಕದ ಚಾಪೆ ಖಾಲಿ. ಅದರ ಮರುದಿನವೂ ಖಾಲಿ. ಹೆಡ್‌ಮೇಷ್ಟ್ರನ್ನು ಕರೆದುಕೊಂಡು ಲೈನಿಗೆ ಹೋದೆ. ಬಯ್ಗುಳ ಕೇಳಲು ಸಿದ್ಧವಾಗಿಯೇ ಹೋಗಿದ್ದೆ. ಹುಡುಗಿಯ ತಾಯಿ ಆಗಷ್ಟೇ ಕೊಯ್ಲು ಮುಗಿಸಿ ಬಂದಿದ್ದಳು. ಒಳಗೆ ಅಜ್ಜಿ ಸೀರೆಯ ತೊಟ್ಟಿಲಲ್ಲಿ ಕೈಗೂಸನ್ನು ತೂಗುತ್ತಿದ್ದಳು. ತಾಯಿ ಬಯ್ಯಲಿಲ್ಲ, ಕಾಫಿ ಕಾಸಿ ಕೊಟ್ಟಳು.

"ಓದು ಬ್ಯಾಡ ಅಂತ ನಾನೇಳಲ್ಲ ಮಿಸ್. ಓದ್ಲಿ. ಆದ್ರೆ ಜೀವ ಇದ್ರಲ್ವಾ? ಕೊಯ್ಲು ಮುಗಿಯೋಗಂಟ ಮಕ್ಳು ಮನೇಲೇ ಇರ್ಲಿ."

"ಆನೆ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತೆ? ಮೆಸೇಜು ಬರಲ್ವಾ?" ಎಂದು ಕೇಳಿದೆ.

ಗೂಡಿನಲ್ಲಿದ್ದ ಫೋನು ತೋರಿಸಿದಳು. "ಬತ್ತಾವೆ. ಟಿಣ್ ಟಿಣ್ ಅಂತಾನೇ ಇರ್ತವೆ. ಯಾರ್ ಓದ್ತಾರೆ? ಮೇಲ್ ತೋಟದಲ್ಲಿ ಟವರ್ ಸಿಗಲ್ಲ, ಫೋನು ಅತ್ತೆ ಹತ್ರ ಬುಟ್ಟೋಗ್ತೀನಿ. ಅತ್ತೆಗೂ ಓದಕ್ ಬರಲ್ಲ, ನಂಗೂ ಬರಲ್ಲ. ರೈಟರ್ ಸಿಕ್ಕಿದ್ರೆ ಕೇಳ್ಬೇಕು."

ಆ ಲೈನಿನ ಅಷ್ಟು ಮನೆಗಳಲ್ಲಿ ಮೆಸೇಜು ಬರುತ್ತಿತ್ತು, ಓದುವವರಿರಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ ನೆಲ ನೋಡುತ್ತಿದ್ದಳು. ನನ್ನ ಮೊಲ, ಕೇಕು, ಬಣ್ಣದ ಕಾರ್ಡು ಎಲ್ಲ ನೆನಪಾಗಿ ನಾಚಿಕೆಯಾಯಿತು. ವಾಪಸು ಬರುವ ದಾರಿಯಲ್ಲೇ ಹೆಡ್‌ಮೇಷ್ಟ್ರಿಗೆ ಹೇಳಿದೆ: ನಾಳೆಯಿಂದ ಸಂಜೆಯ ಪಾಠ ಇಲ್ಲ, ಮಕ್ಕಳು ದಾರಿ ಚಾಪೆಯಲ್ಲೇ ಕೂರಲಿ, ಫೋನು ಮೇಜಿನ ಮೇಲಿರಲಿ, ಓದಿಗೆ ಆನೆ ಮೆಸೇಜೇ ಪಾಠ. ಅವರು "ಮಾಡಿ. ಮಕ್ಳನ್ನ ಕಳ್ಸಿ ಅಂತ ಲೈನಿನವರಿಗೆ ನಾನ್ ಹೇಳ್ತೀನಿ" ಎಂದರು. ಸಂಜೆ ಶಾಲೆಯನ್ನು ಬೇಗ ಬಿಡುವ ಜವಾಬ್ದಾರಿಯನ್ನೂ ಅವರೇ ಹೊತ್ತುಕೊಂಡರು. ಮಕ್ಕಳು ವಾರದೊಳಗೆ ಬಂದರು.

ಮೆಸೇಜುಗಳಿಗೆ ಒಂದು ಅಚ್ಚು ಇದೆ. ಮೊದಲು ಜಾಗ, ಆಮೇಲೆ ಒಂಟಿಯೋ ಗುಂಪೋ, ಆಮೇಲೆ ಯಾವ ಕಡೆಗೆ, ಕೊನೆಗೆ ಎಚ್ಚರಿಕೆ. ಬೆಳಗ್ಗೆ ಬಂದದ್ದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಪ್ರತಿ ಚಾಪೆಯೂ ಮೊದಲು ತನ್ನ ದಾರಿಯ ಹೆಸರನ್ನು ಅದರಲ್ಲಿ ಹುಡುಕಬೇಕು. ಕೆರೆ, ಗದ್ದೆ, ಕೊಪ್ಪಲು, ಲೈನ್, ಎಸ್ಟೇಟ್. ಹೆಸರು ಸಿಕ್ಕ ಚಾಪೆ ಉಳಿದದ್ದನ್ನು ಓದಬೇಕು. ಸಂಜೆ ಬಿಡುವ ಮೊದಲು ಹೊಸ ಮೆಸೇಜು ನೋಡಿ, ಯಾವ ಚಾಪೆ ಈಗ ಹೊರಡಬಹುದು, ಯಾವುದು ಕಾಯಬೇಕು ಎಂದು ಮಕ್ಕಳೇ ಹೇಳಬೇಕು. ಸರಳ ಪದ ಮೊದಲು, ಒತ್ತಕ್ಷರ ಕೊನೆಗೆ ಎಂಬ ತರಬೇತಿಯ ಏಣಿ ಮಗುಚಿಬಿತ್ತು. ಒಂದನೇ ತರಗತಿಯವರು ಕಮಲ, ಬಸವ ಓದುವ ಮೊದಲೇ 'ಎಚ್ಚರಿಕೆ' ಓದಿದರು.

"ಸಾರ್ವಜನಿಕರು ಅಂದ್ರೆ ಯಾರ್ ಮಿಸ್?" ಎಂದು ಮೂರನೇ ತರಗತಿಯವಳು ಬೋರ್ಡಿನ ಮೇಲಿನ ಪದ ತೋರಿಸಿ ಕೇಳಿದಳು.

"ನಾವೇ."

"ನಾವಾ?" ಎಂದು ನಕ್ಕಿದ್ದೇ ನಕ್ಕಿದ್ದು.

ಮಕ್ಕಳು ಓದತೊಡಗಿದರು. ನನಗೆ ಸಂತೋಷವಾಗಬೇಕಿತ್ತು, ಪೂರ್ತಿ ಆಗಲಿಲ್ಲ. ಹೆದರಿಸಿ ಕಲಿಸಬಾರದು ಎಂಬುದು ತರಬೇತಿಯ ಮೊದಲನೇ ದಿನದ ಮಾತು. ನಾನು ಬೆತ್ತ ಮುಟ್ಟಿದವಳಲ್ಲ, ಆದರೆ ನನ್ನ ತರಗತಿಯಲ್ಲಿ ಓದು ನಡೆಯುತ್ತಿದ್ದದ್ದೇ ಹೆದರಿಕೆಯಿಂದ. ಫೋನು ಸದ್ದು ಮಾಡಿದರೆ ಆಡುತ್ತಿದ್ದ ಮಕ್ಕಳು ಚೆಂಡು ಬಿಟ್ಟು ಒಳಗೆ ಬರುತ್ತಿದ್ದರು. ಲೈನಿನ ಚಿಕ್ಕವರಲ್ಲಿ ಒಬ್ಬಳು ಮನೆಯ ಚಿತ್ರ ಬರೆ ಎಂದರೆ ಕಿಟಕಿಯಿಲ್ಲದ ಮನೆ ಬರೆಯುತ್ತಿದ್ದಳು. ಶಾಲೆ ನೋಡಲು ಬಂದ ಮೇಲಧಿಕಾರಿಗಳು ಬೋರ್ಡು ನೋಡಿ, ಇದು ಯಾವ ಪಾಠದಲ್ಲಿ ಬರುತ್ತದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದೆ. ಅವರು ಏನೋ ಹೇಳಹೊರಟು, ಕಿಟಕಿಯಿಂದ ಹೊರಗೆ ನೋಡಿ, ಈ ರಸ್ತೆ ಈಗ ಪರವಾಗಿಲ್ಲವೇ ಎಂದು ವಿಚಾರಿಸಿಕೊಂಡು ಬೇಗನೆ ಹೊರಟರು.

ಹುಡುಗಿ ಮಾತ್ರ ಎಲ್ಲರಿಗಿಂತ ಹಿಂದೆ ಇದ್ದಳು. ಜಾಗದ ಹೆಸರು ಹಿಡಿಯುತ್ತಿದ್ದಳು, 'ಸಂಚರಿಸುತ್ತಿವೆ'ಯಂಥ ಉದ್ದದ ಪದ ಬಂದರೆ ಎಡವಿ ನಿಂತುಬಿಡುತ್ತಿದ್ದಳು. ಪಕ್ಕದವರು ಹೇಳಿಕೊಟ್ಟರೆ ಅವರನ್ನು ದುರುಗುಟ್ಟಿ ನೋಡುತ್ತಿದ್ದಳು. ಜನವರಿ ಕಳೆಯಿತು. ಮಾರ್ಚು ಹತ್ತಿರ ಬರುತ್ತಿದೆ, ಇವಳು ಹೀಗೇ ಹೋಗಿಬಿಡುತ್ತಾಳೇನೋ ಎಂದು ನಾನು ಒಳಗೊಳಗೇ ಕೈಚೆಲ್ಲುತ್ತಿದ್ದೆ.

ಫೆಬ್ರುವರಿಯ ಒಂದು ಮಧ್ಯಾಹ್ನ, ಬಿಸಿಯೂಟ ಮುಗಿದು ತಟ್ಟೆ ತೊಳೆದಿಟ್ಟು ಮಕ್ಕಳು ಕೂತಿದ್ದರು. ಬಿಸಿಲು ಚೆನ್ನಾಗಿತ್ತು. ಮೇಜಿನ ಮೇಲೆ ಫೋನು ಸದ್ದು ಮಾಡಿತು. ಲೈನಿನ ಚಾಪೆಯ ಸರದಿ, ಅದರಲ್ಲೂ ಅವಳದೇ ಸರದಿ. ಬೋರ್ಡಿಗೆ ಬರೆಯಲೂ ಇಲ್ಲ, ನಾನು ಮೊದಲು ನೋಡಲೂ ಇಲ್ಲ, ಫೋನನ್ನೇ ಅವಳ ಕೈಗೆ ಕೊಟ್ಟೆ. ಅವಳು ಎದ್ದು ನಿಂತು, ಬೆರಳಿಟ್ಟು, ಶುರು ಮಾಡಿದಳು.

"ಕೆಳಗಿನ ಲೈನ್ ಮನೆಗಳ ಹಿಂಭಾಗದಲ್ಲಿ ಮರಿಗಳೊಂದಿಗೆ ಕಾಡಾನೆಗಳ ಗುಂಪು ಬೀಡುಬಿಟ್ಟಿದೆ. ಮನೆಯಿಂದ ಯಾರೂ ಹೊರಗೆ ಬರಬಾರದು."

ಎಲ್ಲೂ ಎಡವಲಿಲ್ಲ. ಯಾರೂ ಹೇಳಿಕೊಡಲಿಲ್ಲ. 'ಬೀಡುಬಿಟ್ಟಿದೆ'ಯನ್ನು ಕೂಡ ಒಂದೇ ಉಸಿರಿಗೆ ದಾಟಿದಳು. ಚಿಕ್ಕವರು ಚಪ್ಪಾಳೆ ತಟ್ಟಿದರು. ಓದಿದ್ದು ಅರ್ಥವಾಯಿತೇ ಎಂದು ಪ್ರತಿ ಮಗುವನ್ನೂ ಕೇಳುವುದು ನಮ್ಮ ಕ್ರಮ. ಅವತ್ತು ನಾನು ಕೇಳಲಿಲ್ಲ. ಬೆರಳು ಕೊನೆಯ ಪದದ ಮೇಲೆ ಇದ್ದ ಹಾಗೆಯೇ ಅವಳ ಮುಖದ ಬಣ್ಣ ಇಳಿಯುತ್ತಿತ್ತು. ಕೆಳಗಿನ ಲೈನ್ ಅವಳದೇ ಲೈನು.

"ಮಿಸ್, ಅವ್ವ ಮೇಲ್ ತೋಟದಲ್ಲವ್ಳೆ. ಮಗೂನ ಬಿಸ್ಲಿಗೆ ಮಲಗ್ಸಕ್ಕೆ ಅಜ್ಜಿ ಈ ಹೊತ್ಗೆ ಹಿತ್ಲಿಗ್ ಬತ್ತಾಳೆ."

ನಾನೇ ನಂಬರು ಒತ್ತಿ ಅವಳ ಕೈಗೆ ಕೊಟ್ಟೆ. ರಿಂಗು ಆಗುತ್ತಲೇ ಇತ್ತು. ಹೆಡ್‌ಮೇಷ್ಟ್ರು ಆಗಲೇ ಪಕ್ಕದ ಕೋಣೆಯಲ್ಲಿ ರೈಟರಿಗೆ ಫೋನು ಹಚ್ಚಿದ್ದರು. ಇನ್ನೇನು ಕಟ್ಟಾಗುತ್ತದೆ ಎನ್ನುವಾಗ ಆ ಕಡೆಯಿಂದ ಯಾರೋ ಎತ್ತಿದರು.

"ಅಜ್ಜಿ, ಹೊರಗ್ ಹೋಗ್ಬ್ಯಾಡ. ಕದ ಹಾಕ್ಕೊ. ಮೆಸೇಜ್ ಬಂದೈತೆ, ಓದ್ತೀನಿ ಕೇಳು" ಎಂದು ಅವಳು ತರಗತಿಯೆಲ್ಲ ಕೇಳುವಂತೆ, ತಡೆಯದೆ, ಪೂರ್ತಿ ಓದಿದಳು.

ಆಮೇಲೆ, ಪಕ್ಕದಲ್ಲಿ ನಿಂತಿದ್ದ ನನಗೂ ಕಷ್ಟದಲ್ಲಿ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಅಜ್ಜಿ ಹೇಳಿದಳು:

"ಮೆಲ್ಲಗ್ ಓದೇ. ಗೋಡೆ ಪಕ್ಕದಲ್ಲೇ ಅವೆ."